ದೆಹಲಿಯ ವಾರದ ಬಜಾರ್: ಮೊದಲ್ನೇ ಸಲ ಹೋಗೋರಿಗೆ ಏನ್ ಹೇಳ್ತೀರಾ?

ಹಾಸನದ_ಸೊಸೆ

ಎಲ್ರಿಗೂ ನಮಸ್ಕಾರ. ನಮ್ಮನೆಯವ್ರಿಗೆ ಟ್ರಾನ್ಸ್‌ಫರ್ ಆಗಿ ದೀಪಾವಳಿ ಮುಗಿಸ್ಕೊಂಡು ದೆಹಲಿಗೆ ಬಂದ್ವಿ, ಲಕ್ಷ್ಮೀನಗರ ಮೆಟ್ರೋ ಸ್ಟೇಷನ್‌ನಿಂದ ನಡ್ಕೊಂಡು ಹೋಗೋ ದೂರದಲ್ಲಿ ಬಾಡಿಗೆ ಮನೆ. ಇಲ್ಲಿ ಮಂಗಳವಾರ ಬಂತು ಅಂದ್ರೆ ಮಧ್ಯಾಹ್ನದ ಊಟ ಆಗೋ ಹೊತ್ತಿಗೆ ರಸ್ತೆ ಪಕ್ಕ ಟಾರ್ಪಾಲ್ ಹಾಸೋಕೆ ಹಗ್ಗ ಕಟ್ಟೋಕೆ ಶುರು ಮಾಡ್ತಾರೆ, ಸಾಯಂಕಾಲ ಆದ್ರೆ ಕಾಲಿಡೋಕೆ ಜಾಗ ಇರಲ್ಲ, ತರಕಾರಿ ಪಾತ್ರೆ ಬಟ್ಟೆ ಚಪ್ಪಲಿ ಬಕೆಟ್ಟು ಬಳೆ ಮಸಾಲೆ ಎಲ್ಲಾ ಒಂದೇ ಸಾಲಲ್ಲಿ, ಬುಧವಾರ ಬೆಳಗ್ಗೆ ಎದ್ದು ನೋಡಿದ್ರೆ ಮಾಮೂಲಿ ರಸ್ತೆ. ಸಂತೆ ನಂಗೆ ಹೊಸದಲ್ಲ, ಊರಲ್ಲಿ ಅಪ್ಪನ ಜೊತೆ ಹೋಗಿ ಬೆಳೆದವ್ಳು ನಾನು, ಆದ್ರೆ ಇಷ್ಟು ದೊಡ್ಡ ಸಿಟಿಯಲ್ಲಿ ವಾರಕ್ಕೊಂದ್ ದಿನ ಮನೆ ಬಾಗ್ಲಿಗೇ ಸಂತೆ ಬರುತ್ತೆ ಅಂತ ಗೊತ್ತಿರ್ಲಿಲ್ಲ.

ಇನ್ನೂ ಬಾಲ್ಕನಿಯಿಂದ ನೋಡಿದ್ದೇ ಆಗಿದೆ, ಇಳಿದು ಹೋಗಿಲ್ಲ. ಹಿಂದಿ ಅರ್ಥ ಆಗುತ್ತೆ, ಮಾತಾಡೋಕೆ ಹೋದ್ರೆ ತಡವರಿಸುತ್ತೆ. ಅತ್ತೆ ಬಂದಿದಾರೆ, ಮಗನಿಗೆ ನಾಲ್ಕು ವರ್ಷ, ಮೂರೂ ಜನ ಈ ಮಂಗಳವಾರ ಹೋಗೋಣ ಅಂತ. ಎಷ್ಟ್ ಗಂಟೆಗೆ ಹೋದ್ರೆ ಒಳ್ಳೇದು, ರೇಟ್ ಚೌಕಾಸಿ ಎಷ್ಟರ ಮಟ್ಟಿಗೆ ಮಾಡ್ಬೋದು, ಸ್ವೆಟರ್ ರಜಾಯಿ ಎಲ್ಲಾ ಅಲ್ಲೇ ತಗೋಬೋದಾ ಇಲ್ಲಾ ಅಂಗಡಿಗೇ ಹೋಗ್ಬೇಕಾ, ಮಗೂನ ಕರ್ಕೊಂಡ್ ಹೋಗೋದು ಸರೀನಾ? ಇನ್ನೊಂದು, ಅತ್ತೆ ದಿನಾ ಕೇಳ್ತಿದಾರೆ, ತೊಂಡೆಕಾಯಿ ಕರಿಬೇವು ತೆಂಗಿನಕಾಯಿ ಅವರೆಕಾಯಿ ಎಲ್ಲಿ ಸಿಗುತ್ತೆ ಅಂತ. ಗೊತ್ತಿರೋರು ದಯವಿಟ್ಟು ವಿವರವಾಗಿ ಬರೀರಿ, ನೀವ್ ಬರೆದಿದ್ದನ್ನ ಅತ್ತೆಗೂ ಓದಿ ಹೇಳ್ತೀನಿ.

---

ಮುನಿರ್ಕಾ_ಮೈಸೂರಿಗ

ಸ್ವಾಗತ ಮೇಡಂ. ಸರಿಯಾದ ಕಾಲದಲ್ಲಿ ಬಂದಿದೀರಿ, ದೆಹಲಿ ಬಜಾರ್ ಅಂದ್ರೆ ನವೆಂಬರ್‌ನಿಂದ ಫೆಬ್ರವರಿವರೆಗೆ, ಉಳಿದ ತಿಂಗಳು ಬರೀ ಸೋರೆಕಾಯಿ ಹೀರೇಕಾಯಿ, ಟಿಂಡಾ ಅನ್ನೋ ದುಂಡನೇ ಕಾಯಿ.

ಮೊದ್ಲು ಈ ಬಜಾರು ಹೇಗೆ ನಡಿಯುತ್ತೆ ಅಂತ ತಿಳ್ಕೊಳ್ಳಿ, ಆಗ ಉಳಿದಿದ್ದೆಲ್ಲಾ ತಾನಾಗೇ ಅರ್ಥ ಆಗುತ್ತೆ. ನಿಮ್ಮ ಬಾಲ್ಕನಿ ಕೆಳಗೆ ಮಂಗಳವಾರ ಕೂತ್ಕೊಳ್ಳೋ ವ್ಯಾಪಾರಿಗಳು ಬುಧವಾರ ಮನೇಲಿ ಇರಲ್ಲ, ಇನ್ನೊಂದು ಬಡಾವಣೆಗೆ ಹೋಗ್ತಾರೆ, ಗುರುವಾರ ಮತ್ತೊಂದು ಕಡೆ. ಸೋಮ್ ಬಜಾರ್, ಮಂಗಲ್ ಬಜಾರ್, ಬುಧ್, ವೀರ್, ಶುಕ್ರ, ಶನಿ, ಇತ್ವಾರ್ ಅಂತ ವಾರದ ಏಳೂ ದಿನ ಎಲ್ಲೋ ಒಂದು ಕಡೆ ನಡೀತಾನೇ ಇರುತ್ತೆ. ಪಶ್ಚಿಮ ದೆಹಲಿ ಕಡೆ ರಸ್ತೆಗೇ ಬುಧ್ ಬಜಾರ್ ರೋಡ್, ಶನಿ ಬಜಾರ್ ರೋಡ್ ಅಂತ ಹೆಸರು ಕೂತುಬಿಟ್ಟಿದೆ, ನಿಮ್ಮ ಲಕ್ಷ್ಮೀನಗರದಲ್ಲೂ ಮಂಗಲ್ ಬಜಾರ್ ಅಂತ ರಸ್ತೆ ಹೆಸರೇ ಇದೆ. ಪ್ರತಿಯೊಬ್ರಿಗೂ ಅವ್ರದ್ದೇ ಜಾಗ ಗೊತ್ತು, ಈ ವಾರ ಬದನೇಕಾಯಿ ಮಾರಿದವ್ನು ಮುಂದಿನ ವಾರ ಅದೇ ಕಂಬದ ಕೆಳಗೇ ಸಿಗ್ತಾನೆ. ಹಾಗಾಗಿ ಮೊದಲ ವಾರ ಎಲ್ಲಾ ಕೊಂಡ್ಕೊಂಡು ಬರೋ ಹಟ ಬೇಡ. ಒಂದ್ ಸುತ್ತು ಈ ತುದಿಯಿಂದ ಆ ತುದಿವರೆಗೆ ಕೈ ಬೀಸ್ಕೊಂಡು ನಡೀರಿ, ವಾಪಸ್ ಬರ್ತಾ ಕೊಳ್ಳಿ. ಒಳ್ಳೆ ತೂಕ ಒಳ್ಳೆ ಮಾಲು ಕೊಡೋ ಒಬ್ಬ ತರಕಾರಿಯವ್ನು, ಒಬ್ಬ ಹಣ್ಣಿನವ್ನು, ಒಬ್ಬ ಮಸಾಲೆಯವ್ನು ಸಿಕ್ಕಿದ್ರೆ ಮುಂದೆ ಅವ್ರ ಹತ್ರಾನೇ ಹೋಗ್ತಾ ಇರಿ. ನಾಲ್ಕೈದು ವಾರ ಆದ್ಮೇಲೆ ಅವ್ರೇ ನಿಮ್ಮನ್ನ ಕರೆದು ಇವತ್ತು ಇದು ಬೇಡ ಅದು ತಗೊಳ್ಳಿ ಅಂತ ಹೇಳ್ತಾರೆ. ನಮ್ಮ ಆಲೂಗಡ್ಡೆಯವ್ನು ಒಂದ್ ವಾರ ನಾವು ಹೋಗ್ದಿದ್ರೆ ಮುಂದಿನ ವಾರ ಮನೇಲಿ ಎಲ್ಲಾ ಆರಾಮಾ ಅಂತ ಕೇಳ್ತಾನೆ.

ಟೈಮು: ಈಗ ಐದೂವರೆಗೆಲ್ಲಾ ಸೂರ್ಯ ಮುಳುಗುತ್ತೆ. ಮಗು ಮತ್ತೆ ಅತ್ತೆಯವ್ರ ಜೊತೆ ಹೋಗೋದಾದ್ರೆ ನಾಲ್ಕು ನಾಲ್ಕೂವರೆಗೆ ಹೋಗಿ, ಮಾಲೆಲ್ಲಾ ಬಂದಿರುತ್ತೆ, ಜನ ಇರಲ್ಲ. ಆರರಿಂದ ಎಂಟೂವರೆ ಆಫೀಸು ಬಿಟ್ಟು ಬರೋರ ನೂಕುನುಗ್ಗಲು, ಆಗ ಬೇಡ. ಒಂಬತ್ತರ ಮೇಲೆ ಎತ್ತುವಳಿ ಹೊತ್ತು, ಸೊಪ್ಪು ಟೊಮೇಟೊ ರೇಟು ಬಿದ್ದಿರುತ್ತೆ, ಅದು ನಿಮ್ಮನೆಯವ್ರು ಒಬ್ರೇ ಹೋಗಿ ತರೋಕೆ ಸರಿ.

ತೂಕದ ವಿಷ್ಯ ಗಮನ ಇಡಿ. ಕೂಗೋರು ಬರೀ "ಬೀಸ್ ರುಪಯೇ" (ಇಪ್ಪತ್ತು ರೂಪಾಯಿ) ಅಂತಾರೆ, ಅದು ಕಿಲೋಗೋ ಅರ್ಧ ಕಿಲೋಗೋ ಪಾವ್‌ಗೋ ಕೇಳಿ. ಪಾವ್ ಅಂದ್ರೆ ಕಾಲು ಕಿಲೋ. ಬಟಾಣಿ ಅಣಬೆ ಹಸಿಮೆಣಸಿನಕಾಯಿಗೆ ಪಾವ್ ರೇಟು ಹೇಳೋದೇ ರೂಢಿ. ಆಲೂಗಡ್ಡೆ ಈರುಳ್ಳಿಗೆ ಧಡೀ ಅಂತಾರೆ, ಐದು ಕಿಲೋ. ಡಿಸೆಂಬರ್ ಕೊನೆ ಜನವರಿಗೆ ಬಟಾಣಿ ರೇಟ್ ಇಳಿದಾಗ ಇಲ್ಲಿಯವ್ರು ಧಡೀಗಟ್ಲೆ ತಗೊಂಡು ಮನೆ ಮಂದಿಯೆಲ್ಲಾ ಬಿಸಿಲಲ್ಲಿ ಕೂತು ಸುಲಿದು ಫ್ರೀಜರ್‌ಗೆ ಹಾಕ್ತಾರೆ, ನೀವೂ ಮಾಡಿ, ಬೇಸಿಗೆವರೆಗೆ ಬರುತ್ತೆ. ಕುಂಬಳಕಾಯಿಗೆ ಇಲ್ಲಿ ಸೀತಾಫಲ್ ಅಂತಾರೆ, ನಮ್ಮ ಸೀತಾಫಲ ಹಣ್ಣು ಬೇಕಾದ್ರೆ ಶರೀಫಾ ಅಂತ ಕೇಳಿ. ತೊಂಡೆಕಾಯಿಗೆ ಕುಂದ್ರು.

ಕೆಂಪು ಕ್ಯಾರೆಟ್ ಈಗ ಶುರು ಆಗ್ತಾ ಇದೆ. ಅದನ್ನ ಹುಳಿಗೆ ಹಾಕ್ಬೇಡಿ, ಬಣ್ಣ ಬಿಟ್ಟು ಸಿಹಿ ಆಗಿಬಿಡುತ್ತೆ, ಹಲ್ವಾಗೆ ಅದರ ಮುಂದೆ ಬೇರೆ ಕ್ಯಾರೆಟ್ ಇಲ್ಲ. ಮೆಂತ್ಯ ಸೊಪ್ಪು ಎಳೇದು ಸಿಗುತ್ತೆ. ಸಾಸಿವೆ ಸೊಪ್ಪು, ಬಥುವಾ ತಗೊಳ್ಳಿ, ಬಥುವಾ ನಮ್ಮ ಚಕ್ಕೋತ ಸೊಪ್ಪಿಗೆ ಹತ್ತಿರದ ರುಚಿ, ಅತ್ತೆಯವ್ರಿಗೆ ಹೇಳಿ ಮಸ್ಸೊಪ್ಪು ಮಾಡ್ಸಿ. ಸಿಂಘಾಡಾ ಅಂತ ಕೆರೆ ನೀರಲ್ಲಿ ಬೆಳೆಯೋ ಕಾಯಿ ಬೇಯಿಸಿ ಮಾರ್ತಿರ್ತಾರೆ, ಕಪ್ಪು ಸಿಪ್ಪೆ, ಒಳಗೆ ಬೆಳ್ಳಗೆ, ಮಗುಗೆ ಕೊಡಿಸಿ. ಇವೆಲ್ಲಾ ನಮ್ಮ ಕಡೆ ದುಡ್ಡು ಕೊಟ್ರೂ ಹೀಗೆ ಸಿಗಲ್ಲ.

---

ಧಾರವಾಡ_ಫೇಡಾ

ಅಕ್ಕಾರ ನಮಸ್ಕಾರ್ರಿ. ನಾ ಓಲ್ಡ್ ರಾಜಿಂದರ್ ನಗರದಾಗ ಯುಪಿಎಸ್‌ಸಿ ಓದಾಕ ಬಂದೀನಿ, ರೂಮಿನ್ಯಾಗ ಮೂರು ಮಂದಿ ಕೂಡಿ ಅಡಗಿ ಮಾಡ್ಕೋತೀವಿ. ನಮಗ ಕರೋಲ್ ಬಾಗ್ ಸೋಮವಾರದ ಬಜಾರ ಹತ್ರ ಆಗ್ತೈತಿ. ದಿಲ್ಲ್ಯಾಗ ಒಂದೊಂದು ಏರಿಯಾದ ಅಂಗಡಿಗೆ ಒಂದೊಂದು ಸೂಟಿ ದಿನ, ಕರೋಲ್ ಬಾಗ್, ಲಾಜಪತ್ ನಗರಕ್ಕ ಸೋಮವಾರ, ಚಾಂದನಿ ಚೌಕ್, ಸದರ್ ಬಜಾರಕ್ಕ ರವಿವಾರ. ಅಂಗಡಿ ಶಟರ್ ಇಳದಿರತೈತಿ, ಅದರ ಮುಂದಿನ ಪಟರಿ (ಫುಟ್‌ಪಾತ್) ಮ್ಯಾಲ ಬ್ಯಾರೆ ಮಂದಿ ಬಂದು ಕುಂಡ್ರತಾರ. ದೊಡ್ಡ ಅಂಗಡಿಯವ್ರಿಗೂ ಲುಕ್ಸಾನಿಲ್ಲ, ಸಣ್ಣವ್ರಿಗೂ ಹೊಟ್ಟಿ ತುಂಬ್ತೈತಿ. ಎಷ್ಟ್ ಛಲೋ ವ್ಯವಸ್ಥಾ ನೋಡ್ರಿ.

ಮ್ಯಾಲಿನ ಸರ್ ಹೇಳಿದ್ದೆಲ್ಲಾ ಖರೇ ಐತಿ, ಒಂದು ಮಾತು ಮಾತ್ರ ನನಗ ಒಪ್ಪಿಗಿ ಆಗಂಗಿಲ್ಲ. ರಾತ್ರಿ ಒಂಬತ್ತರ ಮ್ಯಾಲ ಹೋಗಿ ಕಡಿಮಿ ರೇಟಿಗೆ ತರೋದು. ಆ ಹೊತ್ತಿನ್ಯಾಗ ಅವ್ರು ಮಾಲು ಉಳಿದ್ರ ಕೆಡತೈತಿ ಅಂತ ಬಂದಷ್ಟಕ್ಕ ಕೊಡ್ತಾರ, ಅದು ಅವ್ರು ತಾವಾಗಿ ಕೂಗಿ ಕೊಟ್ರ ತಗೋರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕೆಲವರು ಅದಕ್ಕಂತನ ಕಾಯ್ಕೋತ ನಿಂತು ಇನ್ನೂ ಐದು ಕಡಿಮಿ ಮಾಡು, ಇನ್ನೂ ಹತ್ತು ಕಡಿಮಿ ಮಾಡು ಅಂತ ಜಗ್ಗತಾರ. ನಮ್ಮಪ್ಪ ರೈತ, ಎಪಿಎಂಸಿಯೊಳಗ ಉಳ್ಳಾಗಡ್ಡಿ ರೇಟು ಬಿದ್ದಾಗ ಹೆಂಗ ಆಗ್ತೈತಿ ಅನ್ನೋದು ನನಗ ಗೊತ್ತೈತಿ. ಈ ಮಂದಿ ನಸುಕಿನ್ಯಾಗ ಎದ್ದು ಆಜಾದಪುರ, ಘಾಜೀಪುರ, ಓಖಲಾದ ಹೋಲ್‌ಸೇಲ್ ಮಂಡಿಗೆ ಹೋಗಿ ಮಾಲು ಹಿಡೀತಾರ, ಅಲ್ಲಿಂದ ಟೆಂಪೋ ಬಾಡಿಗಿ, ಜಾಗಾದ ಪಾವತಿ, ಸಂಜೀಮುಂದ ಲೈಟಿನಾಂವ ಬಲ್ಬಿಗೆ ಇಷ್ಟು ಅಂತ ಇಸ್ಕೋತಾನ, ಅದೆಲ್ಲಾ ಹೋಗಿ ಉಳಿಯೋದು ಎಷ್ಟು. ಕಾಯಿಪಲ್ಯಾಕ್ಕ ನಾ ಚೌಕಾಶಿ ಮಾಡಂಗಿಲ್ರಿ. ರೇಟು ಜಾಸ್ತಿ ಅನಿಸಿದ್ರ ಮುಂದಿನ ಅಂಗಡಿಗೆ ಹೋಗ್ತೀನಿ, ಅಷ್ಟ. ಎಲ್ಲಾ ತಗೊಂಡ ಮ್ಯಾಲ ಕೊತ್ತಂಬ್ರಿ ಮೆಣಸಿನಕಾಯಿ ಒಂದು ಹಿಡಿ ಪುಕ್ಕಟೆ ಹಾಕೋದು ಇಲ್ಲಿ ಪದ್ಧತಿ, ಕೇಳ್ರಿ, ನಕ್ಕೋತ ಹಾಕ್ತಾರ.

ನಿಮ್ಮ ಹಿಂದಿ ಬಗ್ಗಿ ಕಾಳಜಿ ಬ್ಯಾಡ. "ಭೈಯಾ ಕ್ಯಾ ಭಾವ್" (ಅಣ್ಣಾ, ರೇಟ್ ಎಷ್ಟು) ಅಂದ್ರ ಸಾಕು. ಅವ್ರಾಗ ಭಾಳ ಮಂದಿ ಬಿಹಾರದವ್ರು, ಪೂರ್ವಾಂಚಲ ಅಂದ್ರ ಯುಪಿಯ ಪೂರ್ವ ಭಾಗದವ್ರು, ಅವ್ರೂ ನಮ್ಮಂಗ ಊರು ಬಿಟ್ಟು ಬಂದವ್ರ. ಎಲ್ಲಿಂದ ಬಂದೀರಿ ಅಂತ ಕೇಳ್ತಾರ, ಬೆಂಗಳೂರ ಕಡೆ ಅಂದ್ರ ನಮ್ಮ ತಮ್ಮನೂ ಅಲ್ಲೇ ಕಟ್ಟಡ ಕೆಲಸಕ್ಕ ಅದಾನ ಅಂತಾರ, ಮಾತು ಬೆಳೀತೈತಿ.

ಪುಸ್ತಕದ ಹುಚ್ಚು ಇದ್ರ ರವಿವಾರ ದರಿಯಾಗಂಜಿನ ಪುಸ್ತಕದ ಬಜಾರಕ್ಕ ಹೋಗ್ರಿ. ಮೊದಲ ರಸ್ತೆ ಪಟರಿ ಮ್ಯಾಲ ಇತ್ತು, 2019ರಾಗ ಹೈಕೋರ್ಟ್ ಆದೇಶದ ಮ್ಯಾಲ ಎಬ್ಬಿಸಿ ಆಸಫ್ ಅಲಿ ರೋಡಿನ ಮಹಿಳಾ ಹಾಟ್ ಒಳಗ ಜಾಗಾ ಕೊಟ್ಟಾರ. ದಿಲ್ಲಿ ಗೇಟ್ ಮೆಟ್ರೋ ಇಳದ್ರ ನಡಕೊಂಡ ಹೋಗಬಹುದು. ಸಣ್ಣ ಹುಡುಗರ ಚಿತ್ರದ ಪುಸ್ತಕ ರಾಶಿಗಟ್ಲೆ ಇರತಾವ, ಕೆಲವು ಕಡೆ ಕಿಲೋ ಲೆಕ್ಕದಾಗ ತೂಗಿ ಕೊಡ್ತಾರ. ನಿಮ್ಮ ಮಗಗ ಹಬ್ಬ ಆಗ್ತೈತಿ.

---

ಹಾಸನದ_ಸೊಸೆ

ಅಬ್ಬಾ ಇಷ್ಟೊಂದು ವಿವರ, ಇಬ್ರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೆ ಓದಿ ಹೇಳಿದೆ, ಧಾರವಾಡದ ತಮ್ಮ ಹೇಳಿದ್ದೇ ಸರಿ, ತರಕಾರಿಯವ್ರ ಹತ್ರ ಎರಡು ರೂಪಾಯಿಗೆ ಜಗಳ ಆಡ್ಬಾರ್ದು ಅಂದ್ರು. ಬಟ್ಟೆ ಬಗ್ಗೆ ಯಾರಾದ್ರೂ ಹೇಳ್ತೀರಾ? ಚಳಿ ಶುರು ಆಗಿದೆ, ನಮ್ಮ ಹತ್ರ ಇರೋದು ಊರಲ್ಲಿ ಹಾಕೋ ತೆಳು ಸ್ವೆಟರ್ ಮಾತ್ರ.

---

ದ್ವಾರಕಾ_ಮಂಗ್ಳೂರು

ನಮಸ್ತೆ, ನಾನು ದೆಹಲಿಯ ದ್ವಾರಕಾದಲ್ಲಿ ಇರುವುದು, ಇಲ್ಲಿ ಒಂದೊಂದು ಸೆಕ್ಟರಿಗೆ ಒಂದೊಂದು ದಿನ ಬಜಾರ್ ಉಂಟು. ಬಟ್ಟೆ ವಿಷಯ ನಾನು ಹೇಳ್ತೇನೆ, ಮೂರು ಮಕ್ಕಳನ್ನು ಇಲ್ಲಿಯ ಚಳಿಯಲ್ಲಿ ಬೆಳೆಸಿದವಳು.

ಮೊದಲು ತಿಳ್ಕೊಳ್ಬೇಕಾದ್ದು, ಬಜಾರಲ್ಲಿ ಬಟ್ಟೆ ಮೂರು ತರದ್ದು ಬರ್ತದೆ. ಒಂದು ಗಾಂಧಿನಗರದ ಹೋಲ್‌ಸೇಲ್ ಮಾಲು, ಅದು ನಿಮ್ಮ ಲಕ್ಷ್ಮೀನಗರಕ್ಕೆ ಹತ್ತಿರವೇ, ಹೊಸ ಬಟ್ಟೆ, ಮಕ್ಕಳ ಫ್ರಾಕು ಪೈಜಾಮ ಎಲ್ಲ ಅಲ್ಲಿಂದ. ಇನ್ನೊಂದು ಎಕ್ಸ್‌ಪೋರ್ಟಿನಲ್ಲಿ ಉಳಿದದ್ದು, ಸಣ್ಣ ಡಿಫೆಕ್ಟ್ ಇದ್ದದ್ದು, ಬಟನ್ ಹೋದದ್ದು, ಲೇಬಲ್ ಕತ್ತರಿಸಿದ್ದು. ಮೂರನೆಯದ್ದು ಹಳೆ ಬಟ್ಟೆ. ಇದು ರಘುಬೀರ್ ನಗರದ ಘೋಡಾ ಮಂಡಿ ಅಂತ ಉಂಟು, ಬೆಳಗ್ಗಿನ ಜಾವ ಕತ್ತಲೆಯಲ್ಲೇ ನಡೆಯುವ ಸಂತೆ, ಗುಜರಾತ್ ಮೂಲದ ವಾಘ್ರಿ ಸಮಾಜದ ಹೆಂಗಸರು ಮನೆ ಮನೆಗೆ ಹೋಗಿ ಸ್ಟೀಲ್ ಪಾತ್ರೆ ಕೊಟ್ಟು ಹಳೆ ಬಟ್ಟೆ ತಗೊಂಡು ಬಂದು ಅಲ್ಲಿ ಮಾರ್ತಾರೆ. ಅದನ್ನು ಕೊಂಡವರು ಒಗೆದು ಹೊಲಿದು ಇಸ್ತ್ರಿ ಮಾಡಿ ವಾರದ ಬಜಾರಿಗೆ ತರ್ತಾರೆ. ಆ ಹೆಂಗಸರ ಶ್ರಮ ನೋಡಿದ್ರೆ ಕೈ ಮುಗಿಬೇಕು ಅನ್ನಿಸ್ತದೆ, ಈ ಊರಿನ ಎಷ್ಟೋ ಕೂಲಿ ಮಕ್ಕಳು ಚಳಿಗಾಲದಲ್ಲಿ ಬೆಚ್ಚಗೆ ಇರುವುದು ಅವರಿಂದ. ನಿಮ್ಮ ಮನೆ ಬಾಗಿಲಿಗೂ ಅವರು ಬರ್ತಾರೆ, ಮಗನಿಗೆ ಚಿಕ್ಕದಾದ ಬಟ್ಟೆ ಕೊಡಿ.

ಸ್ವೆಟರಿಗೆ: ಲುಧಿಯಾನದ ಮಾಲು ಅಂತ ಕೇಳಿ. ಕೈಯಲ್ಲಿ ಹಿಡಿದು ಎಳೆದು ನೋಡಿ, ಬೆಳಕಿಗೆ ಹಿಡಿದು ನೋಡಿ, ಒಳಗಿನ ಹೊಲಿಗೆ ನೋಡಿ. ಎಲ್‌ಇಡಿ ಬಲ್ಬಿನ ಬೆಳಕಲ್ಲಿ ಬಣ್ಣ ಬೇರೆಯೇ ಕಾಣ್ತದೆ, ಹಾಗಾಗಿ ಬಟ್ಟೆಗೆ ನಾಲ್ಕು ಗಂಟೆಯ ಬಿಸಿಲಲ್ಲಿ ಹೋಗುವುದು ಒಳ್ಳೆದು. ಮಗುವಿಗೆ ಒಂದು ಸೈಜ್ ದೊಡ್ಡದು ತಗೊಳ್ಳಿ, ಒಳಗೆ ಥರ್ಮಲ್ ಹಾಕಿ ಮೇಲೆ ಹಾಕ್ಲಿಕ್ಕೆ. ದಪ್ಪ ಜಾಕೆಟು ಮಾತ್ರ ಬಜಾರಲ್ಲಿ ಬೇಡ, ಅಂಗಡಿಯಲ್ಲೇ ತಗೊಳ್ಳಿ, ಜಿಪ್ ಹೋದ್ರೆ ಬದಲಿಸಿ ಕೊಡ್ತಾರೆ. ಕಂಬಳಿ ಪಾಣಿಪತ್‌ದು ಬರ್ತದೆ, ತೂಕಕ್ಕೆ ಹಗುರ, ಬೆಚ್ಚಗೆ. ರಜಾಯಿಗೆ ಹತ್ತಿ ತುಂಬಿಸುವವರ ಹತ್ರ ನಿಮ್ಮ ಎದುರೇ ತೂಗಿ ತುಂಬಿಸಿ, ಮುಚ್ಚಿ ಹೊಲಿದದ್ದು ತಗೊಳ್ಬೇಡಿ, ಒಳಗೆ ಏನು ಹಾಕಿದ್ದಾರೆ ಅಂತ ಗೊತ್ತಾಗುವುದಿಲ್ಲ.

ಬಟ್ಟೆಗೆ ಚೌಕಾಸಿ ಮಾಡ್ಲೇಬೇಕು, ಅವರು ಹೇಳುವಾಗಲೇ ಅದನ್ನು ಸೇರಿಸಿ ಹೇಳ್ತಾರೆ. 400 ಅಂದ್ರೆ 250ಕ್ಕೆ ಕೇಳಿ, 300ರ ಹತ್ರ ಬಂದು ನಿಲ್ತದೆ. ನಗಾಡಿಕೊಂಡು ಕೇಳಿ, ಮಾಲನ್ನು ಹೀಯಾಳಿಸಿ ಮಾತಾಡ್ಬೇಡಿ. ಕೆಲವರು ರಾಶಿ ಹಾಕಿ "ಹರ್ ಮಾಲ್ ನೂರು" ಅಂತ ಕೂಗ್ತಾರೆ, ಅಲ್ಲಿ ಚೌಕಾಸಿ ಇಲ್ಲ, ಹುಡುಕುವ ತಾಳ್ಮೆ ಇದ್ದವರಿಗೆ ಒಳ್ಳೊಳ್ಳೆದು ಸಿಗ್ತದೆ.

ಮಗು ವಿಷಯ. ಕರ್ಕೊಂಡು ಹೋಗಿ ಮಾರಾಯ್ರೆ, ಮಕ್ಕಳು ನೋಡ್ಬೇಕು. ಆದ್ರೆ ನವೆಂಬರ್ ಗಾಳಿ ಇಲ್ಲಿ ತುಂಬ ಕೆಟ್ಟದ್ದು, ಫೋನಲ್ಲಿ ಎಕ್ಯೂಐ (ಗಾಳಿ ಎಷ್ಟು ಕೆಟ್ಟಿದೆ ಅಂತ ತೋರಿಸುವ ಸೂಚ್ಯಂಕ) ನೋಡಿಕೊಳ್ಳಿ, 300 ದಾಟಿದ ದಿನ ಮಗುವನ್ನೂ ಅತ್ತೆಯನ್ನೂ ಮನೆಯಲ್ಲೇ ಬಿಡಿ. ಮಗುವಿನ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ. ಬ್ಯಾಗು ಮುಂದೆ ಹಾಕಿಕೊಳ್ಳಿ, ಮೊಬೈಲ್ ಪ್ಯಾಂಟಿನ ಹಿಂದಿನ ಜೇಬಲ್ಲಿ ಬೇಡ, ನೂಕುನುಗ್ಗಲಲ್ಲಿ ಕಳ್ಳರು ಇರ್ತಾರೆ. ಅತ್ತೆಯವರ ಚಿನ್ನದ ಸರ ಸೆರಗಿನ ಒಳಗೆ ಇರಲಿ.

---

ಪೂರ್ವದೆಹಲಿ_ಕನ್ನಡಿಗ

ನಾನೂ ಅದೇ ಕಡೆ ಇರೋದು, ಆದ್ರೆ ನಂಗೆ ಇಷ್ಟೊಂದು ಖುಷಿಯಿಂದ ಬರಿಯೋಕಾಗಲ್ಲ. ನಮ್ಮ ಬೀದಿಯಲ್ಲಿ ಬಜಾರ್ ದಿನ ಸಾಯಂಕಾಲ ಐದಾದ್ರೆ ಗಾಡಿ ಹೊರಗೆ ತೆಗಿಯೋಕಾಗಲ್ಲ. ಪಕ್ಕದ ಮನೆ ಹಿರಿಯರಿಗೆ ಒಂದ್ ಬಜಾರ್ ದಿನ ಎದೆನೋವು ಬಂದು ಆಂಬುಲೆನ್ಸ್ ಮೇನ್ ರೋಡಲ್ಲೇ ನಿಂತು ಸ್ಟ್ರೆಚರ್‌ನಲ್ಲಿ ಹೊತ್ಕೊಂಡ್ ಹೋಗ್ಬೇಕಾಯ್ತು, ದೇವ್ರ ದಯೆ ಅವ್ರು ಉಳ್ಕೊಂಡ್ರು. ಮಾರನೇ ದಿನ ಬೆಳಗ್ಗೆ ಕೊಳೆತ ಎಲೆ ಪ್ಲಾಸ್ಟಿಕ್ ಕವರು ಚರಂಡಿ ತುಂಬಾ. ವ್ಯಾಪಾರಿಗಳ ಮೇಲೆ ನಂಗೆ ಕೋಪ ಇಲ್ಲ, ನಾನೂ ಅವ್ರ ಹತ್ರಾನೇ ತಗೋತೀನಿ. ಆದ್ರೆ ಇದಕ್ಕೊಂದು ಮೈದಾನ ಕೊಟ್ಟು ಅಲ್ಲಿ ನಡ್ಸೋಕೆ ಯಾಕಾಗಲ್ಲ? ಮನೆ ಮುಂದೇನೇ ಯಾಕೆ ನಡೀಬೇಕು?

---

ಪಟರಿ_ಪಕ್ಷ

ನಿಮ್ಮ ಕಷ್ಟ ನಿಜವಾದ್ದು ಸರ್, ಆಂಬುಲೆನ್ಸ್ ದಾರಿ ವಿಷಯದಲ್ಲಿ ಯಾರೂ ರಾಜಿ ಮಾಡ್ಕೋಬಾರ್ದು. ನಾನು ಬೀದಿ ವ್ಯಾಪಾರಿಗಳ ಹಕ್ಕುಗಳ ಮೇಲೆ ಕೆಲಸ ಮಾಡೋ ಸಂಸ್ಥೆಯೊಂದ್ರಲ್ಲಿ ಇದೀನಿ, ದಿನಾ ಈ ಜನರ ಜೊತೆಗೇ ಓಡಾಟ, ಹಾಗಾಗಿ ಸ್ವಲ್ಪ ಉದ್ದ ಆದ್ರೂ ಬರೀತೀನಿ.

ಮೈದಾನಕ್ಕೆ ಕಳಿಸಿದ್ರೆ ಏನಾಗುತ್ತೆ ಅಂದ್ರೆ, ಗಿರಾಕಿ ಹೋಗಲ್ಲ. ವಾರದ ಬಜಾರಿನ ಜೀವಾಳವೇ ಮನೆಗೆ ಹತ್ರ ಇರೋದು. ಕೆಲಸ ಮುಗಿಸ್ಕೊಂಡು ಬಸ್ ಇಳಿದು ಬರೋ ಹೆಂಗಸು ದಾರೀಲೇ ಅರ್ಧ ಕಿಲೋ ಟೊಮೇಟೊ, ಮಗಳಿಗೆ ಒಂದು ಹೇರ್ ಬ್ಯಾಂಡು ತಗೊಂಡು ಹೋಗ್ತಾಳೆ, ಅವಳು ಎರಡು ಕಿಲೋಮೀಟರ್ ದೂರದ ಮೈದಾನಕ್ಕೆ ಆಟೋ ಮಾಡ್ಕೊಂಡು ಹೋಗಲ್ಲ. ದರಿಯಾಗಂಜ್ ಪುಸ್ತಕ ಬಜಾರಿನ ಮಾತು ಮೇಲೆ ಬಂತು. ಅದು ಪುಸ್ತಕ ಆಗಿದ್ದಕ್ಕೆ, ಹುಡುಕ್ಕೊಂಡು ಬರೋ ಓದುಗರು ಇದ್ದಿದ್ದಕ್ಕೆ ಹೊಸ ಜಾಗದಲ್ಲೂ ಬದುಕ್ತು. ಆಲೂಗಡ್ಡೆ ಹುಡುಕ್ಕೊಂಡು ಯಾರೂ ಬರಲ್ಲ.

ಕಾನೂನು ಏನ್ ಹೇಳುತ್ತೆ ಅಂತಾನೂ ನೋಡಿ. 1989ರಲ್ಲಿ ಸೋದನ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್, ಬೀದಿಯಲ್ಲಿ ವ್ಯಾಪಾರ ಮಾಡೋದು ಸಂವಿಧಾನದ 19(1)(ಜಿ), ಅಂದ್ರೆ ಯಾವುದೇ ವೃತ್ತಿ ವ್ಯಾಪಾರ ಮಾಡೋ ಸ್ವಾತಂತ್ರ್ಯದ ಕೆಳಗೆ ಬರೋ ಹಕ್ಕು, ಅದಕ್ಕೆ ಸಮಂಜಸ ನಿರ್ಬಂಧ ಹಾಕ್ಬೋದು, ಆದ್ರೆ ಪೂರ್ತಿ ಇಲ್ಲ ಅನ್ನೋಕಾಗಲ್ಲ ಅಂತ ಹೇಳ್ತು. ಆಮೇಲೆ 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂತು. ಊರೂರಿಗೆ ಟೌನ್ ವೆಂಡಿಂಗ್ ಕಮಿಟಿ ಇರ್ಬೇಕು, ಅದ್ರಲ್ಲಿ ಕನಿಷ್ಠ 40% ಸದಸ್ಯರು ವ್ಯಾಪಾರಿಗಳೇ ಚುನಾವಣೆ ಮೂಲಕ ಬರ್ಬೇಕು, ಅವ್ರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಮೊದ್ಲು ಸರ್ವೆ ಮಾಡಿ, ಸರ್ಟಿಫಿಕೇಟ್ ಕೊಟ್ಟು ಮುಗಿಸೋವರೆಗೂ ಯಾರನ್ನೂ ಎಬ್ಬಿಸೋ ಹಾಗಿಲ್ಲ. ಕೊಳ್ಳೋರು ಮಾರೋರು ತಲೆತಲಾಂತರದಿಂದ ಸೇರ್ತಾ ಬಂದಿರೋ ಜಾಗಕ್ಕೆ ಕಾಯ್ದೆಯಲ್ಲಿ ನ್ಯಾಚುರಲ್ ಮಾರ್ಕೆಟ್ ಅನ್ನೋ ಮಾನ್ಯತೆ ಇದೆ, ಜಾಗ ಗುರುತು ಮಾಡೋವಾಗ ಅದನ್ನ ಲೆಕ್ಕಕ್ಕೆ ತಗೊಳ್ಳೇಬೇಕು. 50 ವರ್ಷ ಮೀರಿದ ಬಜಾರನ್ನ ಹೆರಿಟೇಜ್ ಮಾರ್ಕೆಟ್ ಅಂತ ಘೋಷಿಸಿ ಅಲ್ಲೇ ಉಳಿಸ್ಕೊಳ್ಳೋಕೂ ಅವಕಾಶ ಇದೆ.

ಹಾಗಂತ ನಿಮ್ಮ ದೂರಿಗೆ ಜಾಗ ಇಲ್ಲ ಅಂತಲ್ಲ. ಆ ಕಮಿಟಿಯಲ್ಲಿ ನಿವಾಸಿಗಳ ಸಂಘಕ್ಕೂ ಸೀಟು ಇದೆ, ಟ್ರಾಫಿಕ್ ಪೊಲೀಸರಿಗೂ ಇದೆ. ಪ್ರತಿ ಬಜಾರಿಗೂ ಒಬ್ಬ ಪ್ರಧಾನ್ ಇರ್ತಾರೆ, ಯಾರು ಎಲ್ಲಿ ಕೂರ್ಬೇಕು ಅಂತ ನೋಡ್ಕೊಳ್ಳೋರು. ನಿಮ್ಮ ಬೀದಿಯವ್ರು ಒಂದಿಬ್ರು ಹೋಗಿ ಅವ್ರ ಹತ್ರ ಕೂತು ಮಾತಾಡಿ, ಒಂದು ಗಾಡಿ ಹೋಗೋ ಅಷ್ಟು ದಾರಿ ಸುಣ್ಣದ ಗೆರೆ ಎಳೆದು ಬಿಡ್ಸಿ. ನಾವು ಓಡಾಡೋ ಒಂದು ಬಜಾರಲ್ಲಿ ಹೀಗೇ ಆಯ್ತು, ವ್ಯಾಪಾರಿಗಳೇ ಗೆರೆ ದಾಟಿದವ್ರಿಗೆ ಬುದ್ಧಿ ಹೇಳ್ತಾರೆ, ಕೊನೇಲಿ ಕಸ ಗುಡ್ಸೋಕೂ ಅವ್ರೇ ದುಡ್ಡು ಹಾಕಿ ಜನ ಇಟ್ಟಿದಾರೆ. ಮಾತಾಡ್ಸಿದ್ರೆ ಕೇಳೋ ಜನ ಇವ್ರು, ಸರ್. ಇಡೀ ಬದುಕೇ ಆ ಆರಡಿ ಜಾಗದ ಮೇಲೆ ನಿಂತಿರುತ್ತೆ, ಅದನ್ನ ಕಳ್ಕೊಳ್ಳೋಕೆ ಯಾರೂ ಇಷ್ಟ ಪಡಲ್ಲ.

2020ರ ಮಾರ್ಚಲ್ಲಿ ಲಾಕ್‌ಡೌನ್ ಆದಾಗ ವಾರದ ಬಜಾರುಗಳು ತಿಂಗಳುಗಟ್ಟಲೆ ಮುಚ್ಚಿದ್ವು. ಅಂಗಡಿ ತೆರೀತು, ಮಾಲ್ ತೆರೀತು, ಇವ್ರ ಸರದಿ ಬಂದಿದ್ದು ತಡವಾಗಿ. ಗೋದಾಮಲ್ಲಿ ಇಟ್ಟ ಬಟ್ಟೆ ಇಲಿ ಪಾಲಾಯ್ತು, ಬಂಡವಾಳ ಊಟಕ್ಕೆ ಖರ್ಚಾಯ್ತು. ಅದೇ ವರ್ಷ ಜೂನಲ್ಲಿ ಬೀದಿ ವ್ಯಾಪಾರಿಗಳಿಗೆ ಅಂತ ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಸಾಲ ಬಂತು, ಅಡಮಾನ ಇಲ್ದೆ ಮೊದಲ ಕಂತು 10,000, ಸರಿಯಾಗಿ ಕಟ್ಟಿದ್ರೆ 20,000, ಆಮೇಲೆ 50,000, ಬಡ್ಡಿಯಲ್ಲಿ 7% ಸರ್ಕಾರದ್ದು. 2025ರಲ್ಲಿ ಮೊದಲ ಕಂತು 15,000, ಎರಡನೇದು 25,000 ಮಾಡಿದ್ರು. ಎಷ್ಟೋ ಜನ ಮತ್ತೆ ಮಾಲು ತುಂಬಿಸ್ಕೊಂಡಿದ್ದು ಆ ದುಡ್ಡಲ್ಲಿ. ಸಾಲ ಬೇಕು ಅಂದ್ರೆ ಸರ್ಟಿಫಿಕೇಟೋ ಶಿಫಾರಸು ಪತ್ರಾನೋ ಬೇಕು, ಸರ್ವೆಯಲ್ಲಿ ಹೆಸರಿಲ್ಲದವ್ರು ಈಗ್ಲೂ ಅಲೀತಾ ಇದಾರೆ, ನಮ್ಮ ಕೆಲಸದಲ್ಲಿ ಅರ್ಧ ಹೊತ್ತು ಅದಕ್ಕೇ ಹೋಗುತ್ತೆ. ಹೆಂಗಸರು, ಅದ್ರಲ್ಲೂ ಮೂಲೇಲಿ ಒಂದು ಚೀಲ ಹಾಸ್ಕೊಂಡು ನಿಂಬೆಹಣ್ಣು ಬೆಳ್ಳುಳ್ಳಿ ಮಾರೋರು, ಯಾವ ಲಿಸ್ಟಲ್ಲೂ ಇರಲ್ಲ. ಅಂಥವ್ರ ಹತ್ರ ಒಂದಷ್ಟು ತಗೊಳ್ಳಿ ಅಂತ ಇಲ್ಲಿ ಓದೋರಿಗೆಲ್ಲಾ ಕೇಳ್ಕೋತೀನಿ. ಯುಪಿಐ ಬಹಳಷ್ಟು ಜನರ ಹತ್ರ ಇದೆ, ಆದ್ರೆ ಇವ್ರಿಗೆ ಚಿಲ್ಲರೆ ಕೊಡಿ.

---

ಪೂರ್ವದೆಹಲಿ_ಕನ್ನಡಿಗ

ಸುಣ್ಣದ ಗೆರೆ ಐಡಿಯಾ ಚೆನ್ನಾಗಿದೆ. ನಮ್ಮ ಆರ್‌ಡಬ್ಲ್ಯುಎ (ನಿವಾಸಿಗಳ ಸಂಘ) ಮೀಟಿಂಗಲ್ಲಿ ಇಟ್ಟು ನೋಡ್ತೀನಿ, ಪ್ರಧಾನ್ ಯಾರು ಅಂತ ವಿಚಾರಿಸ್ತೀನಿ. ಆದ್ರೂ ಒಂದು ಮಾತು, ಗೆರೆ ಎಳೆದ್ರೂ ಆರು ಗಂಟೆಗೆ ಬೈಕು ತಂದು ಅದ್ರ ಮೇಲೇ ನಿಲ್ಸೋರು ಗಿರಾಕಿಗಳೇ. ಅವ್ರಿಗೂ ಯಾರಾದ್ರೂ ಹೇಳ್ಬೇಕು.

---

ಮುನಿರ್ಕಾ_ಮೈಸೂರಿಗ

ಅದು ನೂರಕ್ಕೆ ನೂರು ನಿಜ. ಬಜಾರಿಗೆ ನಡ್ಕೊಂಡು ಹೋಗ್ಬೇಕು, ಗಾಡಿ ತಗೊಂಡ್ ಹೋಗೋದೇ ತಪ್ಪು. ಹಾಸನದ ಮೇಡಂ, ಭಾರ ಹೊರೋಕೆ ಎರಡು ಗಟ್ಟಿ ಬಟ್ಟೆ ಚೀಲ ತಗೊಂಡ್ ಹೋಗಿ, ಒಂದ್ರಲ್ಲಿ ಗಡ್ಡೆ ಕಾಯಿ, ಇನ್ನೊಂದ್ರಲ್ಲಿ ಸೊಪ್ಪು ಟೊಮೇಟೊ. ಧಡೀ ಲೆಕ್ಕದಲ್ಲಿ ತಗೊಂಡ್ರೆ ಸೈಕಲ್ ರಿಕ್ಷಾ ಅಥವಾ ಇ-ರಿಕ್ಷಾ ಬಜಾರಿನ ತುದೀಲೇ ನಿಂತಿರುತ್ತೆ.

ಪಾತ್ರೆ ಬಗ್ಗೆ ಯಾರೂ ಬರೀಲಿಲ್ಲ, ನಂಗೆ ಅದೇ ಇಷ್ಟದ ಭಾಗ. ಹೊಸ ಮನೆ ಹೂಡಿರೋರಿಗೆ ಬಜಾರಲ್ಲಿ ಅರ್ಧ ಮನೆ ಸಿಗುತ್ತೆ. ಸ್ಟೀಲ್ ಪಾತ್ರೆ ವಜೀರ್‌ಪುರದ ಕಾರ್ಖಾನೆಗಳದ್ದು, ಬೀಗ ಅಲೀಗಢದ್ದು, ಗಾಜಿನ ಬಳೆ ಫಿರೋಜಾಬಾದ್‌ದು, ಪಿಂಗಾಣಿ ಖುರ್ಜಾದ್ದು. ಖುರ್ಜಾ ಇಲ್ಲಿಂದ ದೂರ ಇಲ್ಲ, ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆ, ಊರಿಗೆ ಊರೇ ಪಿಂಗಾಣಿ ಮಾಡುತ್ತೆ. ಸ್ವಲ್ಪ ಸೊಟ್ಟ ಇರೋದು, ಬಣ್ಣ ಹರಡಿರೋದು, ಎರಡನೇ ದರ್ಜೆ ಮಾಲು ಬಜಾರಿಗೆ ಬರುತ್ತೆ. ಅದ್ರಲ್ಲಿ ಉಪ್ಪಿನಕಾಯಿ ಭರಣಿ ಹುಡುಕಿ, ಮೇಲೆ ಕಂದು ಕೆಳಗೆ ಬಿಳಿ, ಬೆರಳಲ್ಲಿ ತಟ್ಟಿ ನೋಡಿ, ಟಣ್ ಅಂದ್ರೆ ಸರಿ, ಮಂಕಾಗಿ ಸದ್ದು ಬಂದ್ರೆ ಎಲ್ಲೋ ಬಿರುಕು ಇದೆ ಅಂತ. ನಾವು ಚಳಿಗಾಲದಲ್ಲಿ ನೆಲ್ಲಿಕಾಯಿ ಉಪ್ಪಿನಕಾಯಿ ಹಾಕೋದು ಅಂಥ ಭರಣಿಯಲ್ಲೇ, ಈಗ ಬೆಟ್ಟದ ನೆಲ್ಲಿಕಾಯಿ ಬಜಾರ್ ತುಂಬಾ ಬರುತ್ತೆ, ನೆನಪಿಟ್ಕೊಳ್ಳಿ.

ಹೊಟ್ಟೆಗೆ: ರಾಮ್ ಲಡ್ಡು ತಿನ್ನಿ, ಹೆಸರು ಲಡ್ಡು ಆದ್ರೂ ಸಿಹಿ ಅಲ್ಲ, ಹೆಸರುಬೇಳೆ ಬೋಂಡ, ಮೇಲೆ ತುರಿದ ಮೂಲಂಗಿ ಹಸಿರು ಚಟ್ನಿ. ಸುಟ್ಟ ಗೆಣಸಿಗೆ ನಿಂಬೆರಸ ಮಸಾಲೆ ಹಾಕಿ ಕೊಡ್ತಾರೆ, ಅದೂ ಚೆನ್ನ. ಮೊಮೊ ಚೌಮೀನ್ ಎಲ್ಲಾ ಕಡೆ ಸಿಗುತ್ತೆ, ಮಗು ಹಟ ಮಾಡಿದ್ರೂ ಮೊದ್ಲು ಗೆಣಸು ಕೊಡ್ಸಿ.

---

ದ್ವಾರಕಾ_ಮಂಗ್ಳೂರು

ಕೊನೆಯದಾಗಿ ಅತ್ತೆಯವರ ಪಟ್ಟಿಗೆ ಉತ್ತರ. ತೊಂಡೆಕಾಯಿ ಬೇಸಿಗೆ ಮಳೆಗಾಲದಲ್ಲಿ ಧಾರಾಳ ಸಿಗ್ತದೆ, ಈಗ ಕಡಿಮೆ, ಇದ್ರೆ ರೇಟು ಜಾಸ್ತಿ. ಕರಿಬೇವು ಬಜಾರಲ್ಲಿ ಒಬ್ಬಿಬ್ಬರು ಇಟ್ಟಿರ್ತಾರೆ, ಕಡಿಪತ್ತಾ ಅಂತ ಕೇಳಿ, ಒಂದು ಗಿಡ ಕುಂಡದಲ್ಲಿ ಹಾಕಿದ್ರೆ ನೆಮ್ಮದಿ, ಆದ್ರೆ ಜನವರಿ ಚಳಿಗೆ ಎಲೆ ಉದುರ್ತದೆ, ಗಾಬರಿ ಆಗ್ಬೇಡಿ, ಫೆಬ್ರವರಿ ಕಳೆದ ಮೇಲೆ ಚಿಗುರ್ತದೆ. ತೆಂಗಿನಕಾಯಿ ಪೂಜೆ ಸಾಮಾನಿನವರ ಹತ್ರ ಇರ್ತದೆ, ಅದು ಹಳೆಯದ್ದು, ಅಲ್ಲಾಡಿಸಿ ನೀರಿನ ಸದ್ದು ಕೇಳಿಯೇ ತಗೊಳ್ಳಿ. ಒಳ್ಳೆ ಕಾಯಿ, ನುಗ್ಗೆ, ಬಾಳೆಕಾಯಿ, ಬಾಳೆ ಎಲೆ, ಊರಿನ ಅಕ್ಕಿ ಬೇಕಾದ್ರೆ ಐಎನ್‌ಎ ಮಾರ್ಕೆಟಿಗೆ ಹೋಗ್ಬೇಕು, ಯೆಲ್ಲೋ ಲೈನಲ್ಲಿ ಅದೇ ಹೆಸರಿನ ಮೆಟ್ರೋ ಸ್ಟೇಷನ್ ಉಂಟು, ನೀವು ಬ್ಲೂ ಲೈನಲ್ಲಿ ಬಂದು ರಾಜೀವ್ ಚೌಕಲ್ಲಿ ಬದಲಿಸಿದ್ರೆ ಆಯ್ತು. ಮುನಿರ್ಕಾ, ಆರ್.ಕೆ. ಪುರಂ ಕಡೆಯೂ ನಮ್ಮ ಕಡೆ ಸಾಮಾನಿನ ಅಂಗಡಿಗಳು ಉಂಟು. ಆರ್.ಕೆ. ಪುರಂ ಸೆಕ್ಟರ್ 12ರಲ್ಲಿ ದೆಹಲಿ ಕರ್ನಾಟಕ ಸಂಘವೂ ಉಂಟು, ಅತ್ತೆಯವರನ್ನು ಕಾರ್ಯಕ್ರಮಕ್ಕೆ ಕರ್ಕೊಂಡು ಹೋಗಿ, ಮಾತಾಡ್ಲಿಕ್ಕೆ ಜನ ಸಿಗ್ತಾರೆ.

ಸೊಗಡಿನ ಅವರೆಕಾಯಿ ಇಲ್ಲಿ ಆಸೆ ಇಟ್ಟುಕೊಳ್ಬೇಡಿ. ಸೇಮ್ ಅಂತ ಚಪ್ಪಟೆ ಅವರೆ ಡಿಸೆಂಬರಲ್ಲಿ ಬರ್ತದೆ, ಬಲಿತದ್ದನ್ನು ಆರಿಸಿ ಕಾಳು ಬಿಡಿಸಿದ್ರೆ ಉಪ್ಪಿಟ್ಟಿಗೆ ಆಗ್ತದೆ. ಹಿತಕಿದ ಬೇಳೆಗೆ ಮಾತ್ರ ಊರಿಂದ ಬರುವವರ ಹತ್ರ ಹೇಳಿ ತರಿಸಿ.